ನೂರ ನಲವತ್ತನಾಲ್ಕು

ಹೇರೋಹಳ್ಳಿಯ ಎರಡನೇ ಮಹಡಿ. ಎಣಿಸಿದ್ದು ಮಗಳು:
ಅಡುಗೆಮನೆ ಸೇರಿ ನೂರ ನಲವತ್ತನಾಲ್ಕು ಟೈಲ್ಸು.
ಸಾಲ ಹದಿನೆಂಟು ಲಕ್ಷ. ಇವರು ಕ್ಯಾಲೆಂಡರಿನ ಬೆನ್ನಿಗೆ ಭಾಗಾಕಾರ ಹಾಕಿ
ಒಂದಕ್ಕೆ ಹನ್ನೆರಡೂವರೆ ಸಾವಿರ ಅಂದರು,
ಶೇಷ ಸೊನ್ನೆ ಬಂದದ್ದಕ್ಕೇ ಹಿಗ್ಗಿ.

ಮೊದಲ ಕಂತು
ಹದಿನಾರು ಸಾವಿರದ ಏಳುನೂರ ಎಪ್ಪತ್ತೆಂಟು.
ಅಸಲಿಗೆ ಸೇರಿದ್ದು ಎರಡೂವರೆ ಸಾವಿರ ಚಿಲ್ಲರೆ,
ಮಿಕ್ಕದ್ದೆಲ್ಲ ಬಡ್ಡಿಯ ಬಾಯಿಗೆ.
ಹಾಗಾದರೆ ಐದು ತಿಂಗಳು ತೇದರೆ ಒಂದು ಟೈಲ್ಸು ನಮ್ಮದು.
ಯಾವುದು? ಧಾತ್ರಿ ಬಾಗಿಲ ಬಳಿಯದನ್ನು ಆರಿಸಿದಳು,
ಚಪ್ಪಲಿ ಬಿಡುವುದಕ್ಕಾದರೂ ಸ್ವಂತ ಜಾಗ ಬೇಕಂತೆ.
ಮೂಲೆಗೆ ನನ್ನ ನೇಲ್ ಪಾಲಿಶಿನ ಒಂದು ಚುಕ್ಕಿ.
ಅವತ್ತಿನಿಂದ ಆ ಬಣ್ಣ ನನ್ನ ಉಗುರಿಗೆ ಹತ್ತಲಿಲ್ಲ.

"ಇಪ್ಪತ್ತು ವರ್ಷ ಇದೆಯಲ್ಲಮ್ಮ, ಯಾಕೆ ಅವಸರ?"
ಬ್ಯಾಂಕಿನ ಕನ್ನಡಕದವರು ಕೇಳಿದ್ದರು.
ಅವಸರ ಏನಿಲ್ಲ ಸಾರ್,
ನಿಮ್ಮ ನೆಲ ಒರೆಸಿ ಒರೆಸಿ ನನಗೆ ಸೊಂಟನೋವು.

ಸಿಲಿಂಡರ್ ಹಚ್ಚಿದ ತಾರೀಖನ್ನು ಅದರ ಹೊಟ್ಟೆಯ ಮೇಲೇ ಬರೆದೆ:
ಒಂದು ನಲವತ್ತೊಂದು ದಿನ ಬಂತು, ಮುಂದಿನದು ಐವತ್ತಮೂರು.
ಬೇಳೆ ಮೊದಲೇ ನೆನೆದರೆ ಎರಡು ಸೀಟಿ ಉಳಿತಾಯ.
ಭಾನುವಾರ ಕತ್ತಲಾದ ಮೇಲೆ ಮಾರ್ಕೆಟ್ಟಿನ ಕೊನೆಯ ಗುಡ್ಡೆ;
ಮೆತ್ತಗಾದ ಟೊಮೆಟೊ ಇವತ್ತಿನ ಗೊಜ್ಜಿಗೆ,
ಗಟ್ಟಿ ಇದ್ದದ್ದು ಬುಧವಾರಕ್ಕೆ.
ಪೇಸ್ಟಿನ ಟ್ಯೂಬನ್ನು ಇವರು ಸೀಳಿ ಬಿಡಿಸುವುದನ್ನು ನೋಡಬೇಕಿತ್ತು,
ಪೀಣ್ಯದ ಲೇತಿನ ಮುಂದೆ ನಿಂತು ಪಳಗಿದ ಕೈ,
ಕೂದಲೆಳೆಯಷ್ಟೂ ದಂಡವಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ನಾವು ಮಡಚಿಕೊಂಡೇ ಮಲಗಿದೆವು,
ಮಿಕ್ಕ ಹಾಸಿಗೆ ಬ್ಯಾಂಕಿಗೆ.

ಅತ್ತಿಗೆಯ ಮೊಮ್ಮಗುವಿನ ನಾಮಕರಣಕ್ಕೆ
ಅಟ್ಟದ ಮೇಲಿದ್ದ ಹೊಸಾ ಸ್ಟೀಲ್ ಡಬ್ಬಿ ಒಯ್ದೆ.
ಅವರು ತಳ ತಿರುಗಿಸಿದರು. ಅಲ್ಲಿ
ಅವರೇ ಕೆತ್ತಿಸಿ ನಮಗೆ ಕೊಟ್ಟಿದ್ದ ಅವರದೇ ಹೆಸರು.
"ಚೆನ್ನಾಗಿದೆ" ಅಂದರು, ಬಡಿಸಲು ಎದ್ದರು.
ಪಾಯಸ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಡಬ್ಬಿಯ ದುಡ್ಡು ಉಳಿಯಿತು.

ಆರನೇ ವರ್ಷ ಇವರ ದವಡೆಹಲ್ಲು.
ರೂಟ್ ಕೆನಾಲು, ಕ್ಯಾಪು, ಒಟ್ಟು ಒಂಬತ್ತು ಸಾವಿರ.
ಕೀಳಿಸಿದರೆ ಆರುನೂರು.
ಹತ್ತಿ ಕಚ್ಚಿಕೊಂಡು ಬಸ್ಸಿನಲ್ಲೇ ಬಂದರು.
ಮಾತಾಡಲಾಗದೆ ನೆಲ ತೋರಿಸಿ, ಬೆರಳಲ್ಲಿ ಗೆರೆ ಎಳೆದರು:
ಅರ್ಧಕ್ಕಿಂತ ಜಾಸ್ತಿ, ಮುಕ್ಕಾಲಿಗೆ ಸ್ವಲ್ಪ ಕಮ್ಮಿ.
ನಾನು ನಗಲಿಲ್ಲ.
ಚುಕ್ಕಿ ಇಡು ಬಾರೆ ಅಂದರೆ ಮಗಳು ಏಳಲಿಲ್ಲ;
ಅದೇ ವಾರ ಸ್ಕೂಲಿನ ಬಸ್ಸು ಅವಳನ್ನು ಬಿಟ್ಟು ಹೋಗಿತ್ತು.
ಕೂತಲ್ಲಿಂದಲೇ ಕೇಳಿದಳು, ಜೋರಾಗೇನಲ್ಲ:
"ಅಮ್ಮ, ಇದರಲ್ಲಿ ಊಟಿ ಯಾವುದು?"

ಒಂಬತ್ತನೇ ವರ್ಷ, ಒಂದು ಮಂಗಳವಾರ,
ಕ್ರಯಪತ್ರ ಮನೆಗೆ ಬಂತು. ಪಿನ್ನಿಗೆ ತುಕ್ಕು ಹಿಡಿದಿತ್ತು.
ಕೊನೆಯ ಟೈಲ್ಸು ಫ್ರಿಜ್ಜಿನ ಕೆಳಗೆ.
ಮೂವರೂ ಸೇರಿ ತಳ್ಳಿದೆವು: ಒಂದು ಹೇರ್‌ಪಿನ್ನು,
ಒಣಗಿದ ಅವರೆಕಾಳು, ಎರಡು ರೂಪಾಯಿ.
ನೇಲ್ ಪಾಲಿಶ್ ಯಾವಾಗಲೋ ಗಟ್ಟಿಯಾಗಿತ್ತು.
ಫ್ರಿಜ್ಜನ್ನು ಹಾಗೇ ಹಿಂದಕ್ಕೆ ನೂಕಿದೆವು.

ಮುಂದಿನ ತಿಂಗಳು ಐದನೇ ತಾರೀಖು ಏನೂ ಕಟ್ಟಾಗಲಿಲ್ಲ.
ಮೆಸೇಜು ಬರಲಿಲ್ಲವೆಂದು ಇವರು
ಫೋನನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದರು.

ಸಂಜೆ ಹೋಟೆಲು. ನಾನು ಹೇಳಿದೆ,
ಎರಡು ಮಸಾಲೆ, ಒಂದು ಖಾಲಿ ಪ್ಲೇಟು, ಕಾಫಿ ಬೈ ಟೂ.
ಹೋಗುತ್ತಿದ್ದ ಹುಡುಗನನ್ನು ಧಾತ್ರಿ ವಾಪಸು ಕರೆದಳು:
"ಮೂರು ಮಸಾಲೆ. ಮೂರು ಕಾಫಿ. ಫುಲ್ಲು."
ಯಾರೂ ಏನೂ ಅನ್ನಲಿಲ್ಲ.
ದೋಸೆ ಗರಿಗರಿಯಾಗಿತ್ತು.
ಇವರು ಬಲಗಡೆಯಲ್ಲೇ ಅಗಿದರು.